ಚಟ್ನಿಪುಡಿ ಡಬ್ಬಿಯೊಳಗಿನ ಪಿನ್ನು

ವಿಂಡಮ್ ವೇಲ್, ಮೆಲ್ಬರ್ನ್
೧೪ ಮೇ ೨೦೨೫, ಬುಧವಾರ ಸಂಜೆ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಅಮ್ಮ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲಾ ಹಚ್ಚಿದೆ ಎಂದು ಸುಳ್ಳು ಹೇಳುತ್ತಿದ್ದೀರಾ? ನಾನಂತೂ ಇಲ್ಲಿ ತುಂಬಾ, ತುಂಬಾ, ತುಂಬಾ ಸುಖವಾಗಿದ್ದೇನೆ. ನಿಮ್ಮ ಅಳಿಯ ವೀರೂ (ಅಮ್ಮ ಓದುವಾಗ ‘ವೀರೇಂದ್ರ ಅವರು’ ಎಂದು ತಿದ್ದಿಕೊಳ್ಳಲಿ) ಮೊನ್ನೆ ನನಗೋಸ್ಕರ ರೊಟ್ಟಿ ತಟ್ಟಿದರು. ಟಾಸ್ಮೇನಿಯಾದ ಆಕಾರ ಬಂತು! ಅದನ್ನೂ ಫೋಟೊ ತೆಗೆದಿಟ್ಟಿದ್ದೇನೆ. ಆದರೆ ಅಪ್ಪಾ, ಇವತ್ತು ಒಂದು ಎಡವಟ್ಟಾಗಿದೆ. ಫೋನ್ ಮಾಡೋಣವೆಂದರೆ ಲೇಥ್ ಸದ್ದಿಗೆ ಸೋತ ನಿಮ್ಮ ಕಿವಿಗೆ ನಾನು ಕೂಗಿ ಹೇಳಬೇಕು, ಇದು ಕೂಗಿ ಹೇಳುವ ವಿಷಯವಲ್ಲ. ಅದಕ್ಕೇ ಈಮೇಲ್ ಮಾಡುತ್ತಿದ್ದೇನೆ, ತಂಗಿ ಸಿಂಚನಾ ಪ್ರಿಂಟ್ ತೆಗೆದು ಉದ್ಯಮಬಾಗದ ನಿಮ್ಮ ಲೇಥ್ ಶೆಡ್ಡಿಗೇ ತಂದು ಕೊಡುತ್ತಾಳೆ.

ವೀರೂ ಅವರ ರೈಫಲ್ ಕ್ಲಬ್ಬಿನ ಹುಚ್ಚು ನಿಮಗೆ ಗೊತ್ತೇ ಇದೆ. ಒಮ್ಮೆ ಹೊಡೆದ ಹಿತ್ತಾಳೆಯ ಕಾಡತೂಸನ್ನು ಎಸೆಯದೆ ಗ್ಯಾರೇಜಿನಲ್ಲಿ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಾರೆ. ಎಲ್ಲಕ್ಕೂ ಲೈಸೆನ್ಸ್ ಇದೆ, ಬೀಗ ಇದೆ. ಹಾಗೆ ತುಂಬುವ ಹಳೆಯ ಪ್ರೆಸ್ಸಿನೊಳಗೆ, ಕಾಡತೂಸಿನ ತಳದ ತೂತಿಗೆ ಇಳಿಯುವ ಸೂಜಿಯಂಥ ಒಂದು ಪಿನ್ನು, ಅದು ಮುರಿಯಿತು. ಮಾಡಿದ ಕಂಪನಿ ಎಂದೋ ಮುಚ್ಚಿದೆ. ಸಿಡ್ನಿಯ ಅಂಗಡಿಗಳನ್ನೂ ಕೇಳಿದರು, ಸಿಗಲಿಲ್ಲ. ಇಲ್ಲಿನ ವರ್ಕ್‌ಶಾಪಿನವರು “ಒಂದು ಪಿನ್ನಿಗೆ ಮಷೀನ್ ಆನ್ ಮಾಡಲ್ಲ” ಎಂದರಂತೆ. ಮುಂದಿನ ವಾರ ಸಿಡ್ನಿಯಲ್ಲಿ ಅವರ ಸ್ಪರ್ಧೆ. ಅವರ ಮುಖ ನೋಡಲಾಗದೆ, ಅವರಿಗೆ ಹೇಳದೆ, ಮುರಿದ ತುಂಡುಗಳ ಅಳತೆ ತೆಗೆದು ನಿಮಗೆ ಕಳಿಸಿದೆ. ಅತ್ತೆ ನಾಳೆ ಧಾರವಾಡದಿಂದ ಹೊರಟು ಸಿಡ್ನಿಯ ಗಿರಾವೀನ್‌ನಲ್ಲಿರುವ ಭಾವನ ಮನೆಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಪಿನ್ನು ತರಿಸಿ, ಭಾವನಿಂದ ಇಲ್ಲಿಗೆ ಕೊರಿಯರ್ ಮಾಡಿಸಿ ಸರ್‌ಪ್ರೈಸ್ ಕೊಡಬೇಕೆಂಬ ಆಸೆ.

ಮಧ್ಯಾಹ್ನ ಸಿಂಚನಾ ಫೋಟೊ ಕಳಿಸಿ, ಚಟ್ನಿಪುಡಿ ಡಬ್ಬಿಯಲ್ಲಿಟ್ಟು ಅತ್ತೆಯ ಮನೆಗೆ ಮುಟ್ಟಿಸಿದ್ದಾಯಿತು ಎಂದಳು. ನಿಮ್ಮ ಪಿನ್ನು ಎಷ್ಟು ಚಂದ ಬಂದಿದೆ ಅಪ್ಪಾ! ಆದರೆ ಅದು ಬರಿದೇ ಇರಲಿಲ್ಲ, ಒಂದು ಖಾಲಿ ಕಾಡತೂಸಿನ ತೂತಿನಲ್ಲಿ ಕೂತಿತ್ತು. ನನಗೆ ತಕ್ಷಣ ಅರ್ಥವಾಯಿತು. “ಜೋಡಿ ಕೂಡಿಸಿ ನೋಡದ ಮಾಲು ಅಂಗಡಿ ಬಿಡಬಾರದು” ಎನ್ನುವವರು ನೀವು. ಮಿಲಿಟರಿಯಿಂದ ನಿವೃತ್ತರಾದ ಅಡಿವೆಪ್ಪ ಮಾಮನಿಂದ ಖಾಲಿ ಕಾಡತೂಸು ಇಸಿದುಕೊಂಡು, ಪಿನ್ನು ಕೂಡಿಸಿ, ಹಾಗೇ ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿ ಹೂತು, ಅತ್ತೆಯ ಮನೆಗೆ ಕಳಿಸಿಬಿಟ್ಟಿದ್ದೀರಿ!

ಅಪ್ಪಾ, ಪಿನ್ನು ಬರೀ ಉಕ್ಕಿನ ಕಡ್ಡಿ. ಆದರೆ ಕಾಡತೂಸು ಖಾಲಿಯಿದ್ದರೂ ಏರ್‌ಪೋರ್ಟಿನವರ ಕಣ್ಣಿಗೆ ಗುಂಡೇ. ಅದೂ ಚಟ್ನಿಪುಡಿಯಲ್ಲಿ ಬಚ್ಚಿಟ್ಟದ್ದು! ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವ ಅತ್ತೆಯನ್ನು ಪೊಲೀಸರು ಕೂರಿಸಿಕೊಂಡರೆ? ವೀರೂ ಲೈಸೆನ್ಸ್, ಇಲ್ಲೇ ನೆಲೆಸಲು ಹಾಕಿದ ನಮ್ಮ ಪಿಆರ್ ಅರ್ಜಿ ಏನಾಗಬೇಕು? “ಸೊಸಿ ತರಿಸಿದ ಡಬ್ಬಿ” ಎಂದು ಧಾರವಾಡವೆಲ್ಲ ಆಡಿಕೊಳ್ಳುವುದಿಲ್ಲವೇ? ಅತ್ತೆ ಫೋನ್ ಎತ್ತುತ್ತಿಲ್ಲ. ಹೊರಡುವ ಮುಂಚೆ ನೆಂಟರ ಮನೆಗಳಿಗೆಲ್ಲ ಹೋಗಿ ಉಡಿ ತುಂಬಿಸಿಕೊಂಡು ಬರುತ್ತಿದ್ದಾರಂತೆ.

ಇಷ್ಟು ಬರೆಯುವಾಗ ವೀರೂ ಬಂದರು. ನನ್ನ ಮುಖ ನೋಡಿ “ಏನಾತ?” ಎಂದರು. ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ ಅಪ್ಪಾ, ಬೈದಿದ್ದರೆ ಚೆನ್ನಾಗಿತ್ತು. ಶೂ ಕೂಡ ಬಿಚ್ಚದೆ ನಿಂತು ಫೋನ್ ಒತ್ತುತ್ತಲೇ ಇದ್ದರು. ಕೊನೆಗೆ ಅತ್ತೆ ಎತ್ತಿದರು. ಸ್ಪೀಕರಿನಲ್ಲಿ ಅವರ ದನಿ: “ಆ ಹಿತ್ತಾಳಿ ಕೊಳವಿ ಏನೋ? ಚಟ್ನಿಪುಡಿ ರುಚಿ ನೋಡಾಕ ಬೆರಳ ಹಾಕಿದ್ರ ಕೈಗೆ ಸಿಕ್ತು. ತೊಳದು ದೇವರ ಮುಂದ ಊದಿನಕಡ್ಡಿ ಚುಚ್ಚಾಕ ಇಟ್ಟೇನಿ. ಎಷ್ಟ ಚಂದ ಕುಂತೈತಿ! ಬೀಗರು ಭಾಳ ಬೆರಕಿ, ಭಾಳ ಶಾಣ್ಯಾರು ಬಿಡಪ್ಪ!” ವೀರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಪಿನ್ನು ಕೊಳವೆಯೊಂದಿಗೆ ಅಲ್ಲೇ ಇರಲಿ, ಬರದಿದ್ದರೂ ವೀರೂಗೆ ಪರವಾಗಿಲ್ಲವಂತೆ, “ನಿಮ್ಮಪ್ಪ ನನಗೋಸ್ಕರ ಲೇಥ್ ಮುಂದೆ ನಿಂತ್ರಲ್ಲ, ಸಾಕು” ಎಂದರು. ಎಂಥ ಅಳಿಯನನ್ನು ಹುಡುಕಿದಿರಿ ಅಪ್ಪಾ!

ಅಮ್ಮನಿಗೆ ನನ್ನ ನಮಸ್ಕಾರ, ಸಿಂಚನಾಗೆ ಮುತ್ತು, ನಿಮ್ಮ ಮೊಣಕಾಲಿಗೆ ಎಣ್ಣೆ.

ನಿಮ್ಮ ಮುದ್ದಿನ
ಮಹಾಶ್ವೇತಾ

ತಾ.ಕ.: ಅಪ್ಪಾ, ಕಳಿಸುವ ಮುಂಚೆ ಫೋಟೊ ಮತ್ತೆ ನೋಡಿದೆ. ಅದರಲ್ಲಿರುವುದು ಒಂದೇ. ನೀವು ಯಾವತ್ತೂ ಯಾವುದನ್ನೂ ಒಂದೇ ಮಾಡಿದವರಲ್ಲ. ನನ್ನ ಸೈಕಲ್ಲಿನ ಪೆಡಲ್ ಮುರಿದಾಗಲೂ “ಒಂದು ಕಳದ್ರ ಇನ್ನೊಂದು ಇರ್ಲಿ” ಎಂದು ಎರಡು ಮಾಡಿದ್ದಿರಿ. ಅತ್ತೆಗೆ ಸಿಕ್ಕಿದ್ದು ಒಂದೇ. ಎರಡನೆಯ ಜೋಡಿ ಎಲ್ಲಿದೆ? ಆ ಡಬ್ಬಿಯ ತಳದಲ್ಲಾ? ಅತ್ತೆ ಮತ್ತೆ ಫೋನ್ ಎತ್ತುತ್ತಿಲ್ಲ, ಬೆಳಗಾಗುತ್ತಲೇ ಹೊರಡುತ್ತಾರೆ. ಓದಿದ ತಕ್ಷಣ ಲೇಥ್ ನಿಲ್ಲಿಸಿ, ಅದನ್ನು ಎಲ್ಲಿಟ್ಟಿರೆಂದು ಸಿಂಚನಾಗೆ ಹೇಳಿ, ಅವಳು ನನಗೆ ಫೋನ್ ಮಾಡಲಿ.