ಹಿರೇಬಾವಿಯ ಕೊಡದವಳ ಮುಖ

ಹಿರೇಬಾವಿ
ಇಸವಿ ೨೪೧೭, ಉರಿಮಾಸದ ಮೂವತ್ತನಾಲ್ಕನೆಯ ದಿನ

ಮಾನ್ಯ ಪೂರ್ವಜರೇ,

ತಿಂಗಳಿಗೆ ಮೂವತ್ತನಾಲ್ಕು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ವೈಶಾಖ, ಜ್ಯೇಷ್ಠ ಎರಡೂ ಒಂದೇ ಸಮನೆ ಸುಡತೊಡಗಿದ ಮೇಲೆ ನಮ್ಮ ಹಿರಿಯರು ಅವೆರಡನ್ನೂ ಕೂಡಿಸಿ ಉರಿಮಾಸ ಎಂದು ಕರೆದರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರಹ ಓದಿ ಕಲಿತ ಭಾಷೆಯಿದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೀಗೆ ಕಾಲದಲ್ಲಿ ಹಿಂದಕ್ಕೆ ಕಳಿಸುವ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಆಯುಷ್ಯದಲ್ಲಿ ಒಬ್ಬರಿಗೆ ಒಂದೇ ಹಿಂದೋಲೆಗೆ ಅನುಮತಿ. ಬಹಳ ಜನ ಅದನ್ನು ಮುತ್ತಜ್ಜಂದಿರನ್ನು ಬೈಯಲು ಬಳಸುತ್ತಾರೆ. ನಾನು ಒಂದು ಪ್ರತಿಮೆಯ ವಿಷಯ ಬರೆಯುತ್ತಿದ್ದೇನೆ.

ನಾನು ಇಲ್ಲಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ. ಬರುವ ಹುಣ್ಣಿಮೆಗೆ ಶಿಲ್ಪಿ ಮೌನಪ್ಪ ಬಡಿಗೇರರ ಕಳೆದುಹೋದ ಪ್ರತಿಮೆಯ ಕುರಿತು ನಮ್ಮಲ್ಲಿ ಪ್ರದರ್ಶನ ತೆರೆಯುತ್ತದೆ. ನಿಮಗಿಂತ ನೂರು ವರ್ಷ ಮೊದಲು ಮೌನಪ್ಪನವರು ರೋಮಿಗೆ ಹೋಗಿ, ಹಳೆಯ ಗ್ರೀಕ್ ಶಿಲ್ಪಗಳ ನಿಲುವನ್ನೂ ಬಟ್ಟೆಯ ನೆರಿಗೆಯನ್ನೂ ಹೊಸದಾಗಿ ಕಡೆಯುವ ನವಶಾಸ್ತ್ರೀಯ ಪದ್ಧತಿಯನ್ನು ಕಲಿತು ಬಂದರು. ಊರಿಗೆ ಮೊದಲ ಬಾರಿ ನಲ್ಲಿ ನೀರು ಬಂದಾಗ, ಕೊಡ ಹೊತ್ತ ಹೆಣ್ಣೊಬ್ಬಳನ್ನು ಅಮೃತಶಿಲೆಯಲ್ಲಿ ಕಡೆದು ನೀರಿನ ಟಾಕಿಯ ಪಕ್ಕದ ಉದ್ಯಾನದಲ್ಲಿ ನಿಲ್ಲಿಸಿದರು. ಮೈಯೆಲ್ಲ ಗ್ರೀಕ್ ದೇವತೆಯದು. ಮುಖ ಮಾತ್ರ, ನೀರು ಸೇದಲು ಹೋಗಿ ಬಾವಿಗೆ ಬಿದ್ದು ತೀರಿಕೊಂಡ ಅವರ ಮಗಳು ಚಂಪವ್ವನದು. ಕೆಲವೇ ವರ್ಷಗಳಲ್ಲಿ ಅವಳು ಊರವರ ಪಾಲಿಗೆ ಕೊಡದಮ್ಮನಾದಳು. ಅರಿಶಿನ ಕುಂಕುಮ ಬಂತು, ಇಳಕಲ್ಲ ಸೀರೆ ಬಂತು, ಹಬ್ಬದ ದಿನಕ್ಕೆಂದು ಬೆಳ್ಳಿಯ ಮುಖವಾಡವೂ ಬಂತು. ಆ ಪ್ರೀತಿಯನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಮುಂದಿನದು ನಿಮಗಿನ್ನೂ ಗೊತ್ತಿಲ್ಲ. ಬರುವ ಶ್ರಾವಣದಲ್ಲಿ ಒಬ್ಬಾತ ಫೋಟೋ ತೆಗೆಸಿಕೊಳ್ಳಲೆಂದು ಅವಳ ಹೆಗಲಿಗೆ ಜೋತುಬೀಳುತ್ತಾನೆ, ಕೊಡ ಹಿಡಿದ ಕೈ ಮುರಿಯುತ್ತದೆ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು, ಹೊಳೆಗೆ ಬಿಡಬೇಕು ಎಂದು ಹಿರಿಯರು ತೀರ್ಮಾನಿಸುತ್ತಾರೆ. ನೀವು ಅವಳಿಗೆ ಉಡಿ ತುಂಬಿ, ಡೊಳ್ಳು ಬಾರಿಸಿ, ಕಣ್ಣೀರಿಟ್ಟು ತುಂಗಭದ್ರೆಗೆ ಬಿಡುತ್ತೀರಿ. ಕೈ ಮುರಿದ ಪ್ರತಿಮೆಗಳನ್ನು ಜಗತ್ತು ಹಾಗೆಯೇ ಕಾಪಾಡಿಕೊಂಡು ಬಂದಿದೆ ಎಂದು ಹೇಳುವವರು ಅಂದು ಅಲ್ಲಿ ಒಬ್ಬರೂ ಇರಲಿಲ್ಲ. ಹೋಗಲಿ, ಹೊಳೆಯಾದರೂ ಇಟ್ಟುಕೊಂಡೀತು ಎಂದರೆ, ಮರಳಿನ ಲಾರಿಗಳು ಹೊಳೆಯ ತಳವನ್ನೇ ಬಗೆದು ಒಯ್ದವು. ಈಗ ಅವಳು ಯಾರ ಮನೆಯ ಗೋಡೆಯೊಳಗೆ ಚೂರಾಗಿ ಕೂತಿದ್ದಾಳೋ, ದೇವರೇ ಬಲ್ಲ.

ನಮ್ಮ ಬದುಕು ನೀವು ಹೆದರಿದಷ್ಟು ಕೆಟ್ಟಿಲ್ಲ. ಹಗಲು ನೆರಳೋಣಿಗಳಲ್ಲಿ, ಅಂದರೆ ಉದ್ದಕ್ಕೂ ಚಾವಣಿ ಹಾಕಿದ ಬೀದಿಗಳಲ್ಲಿ, ಓಡಾಡುತ್ತೇವೆ. ಜೋಳದ ರೊಟ್ಟಿ ಇನ್ನೂ ಇದೆ, ಸಮಾಧಾನ ಮಾಡಿಕೊಳ್ಳಿ. ಶೇಂಗಾ ಚಟ್ನಿ ಮಾತ್ರ ಹಬ್ಬಕ್ಕೆ. ಕೈಯಿಂದ ಕಲ್ಲು ಕಡೆಯುವವರು ಈ ಸೀಮೆಯಲ್ಲಿ ಒಬ್ಬರೇ ಉಳಿದಿದ್ದಾರೆ, ಮೌನಪ್ಪನವರ ವಂಶದ ಕಾಳವ್ವ. ಅವರಿಗೆ ಬಿಳಿಗುರುಡು ಹಿಡಿದಿದೆ. ನಮ್ಮ ಬಿಸಿಲು ತರುವ ಈ ಕಣ್ಣಿನ ರೋಗಕ್ಕೆ ಮದ್ದಿಲ್ಲ, ದೀಪಾವಳಿಯ ಹೊತ್ತಿಗೆ ಪೂರ್ತಿ ಕತ್ತಲೆ ಎಂದಿದ್ದಾರೆ ವೈದ್ಯರು. ಅಷ್ಟರೊಳಗೆ ಚಂಪವ್ವನನ್ನು ಮತ್ತೆ ಕಲ್ಲಿನಲ್ಲಿ ನಿಲ್ಲಿಸಬೇಕೆಂಬುದು ಅವರ ಹಟ. ನೀವು ಬಿಟ್ಟುಹೋದ ಚಿತ್ರಗಳೆಲ್ಲ ನಮ್ಮ ನೆನಪುಗಣಜದಲ್ಲಿವೆ. ಅವುಗಳನ್ನು ನೋಡಿ ನೋಡಿ ಪಾದ, ನೆರಿಗೆ, ಕೊಡ, ಬೆನ್ನ ಮೇಲಿನ ಜಡೆ ಎಲ್ಲವನ್ನೂ ಕಡೆದಿದ್ದಾರೆ. ಮುಖದ ಜಾಗ ಮಾತ್ರ ಒರಟು ಕಲ್ಲು. ಹಬ್ಬದ ದಿನದ ಚಿತ್ರಗಳಲ್ಲಿ ಬೆಳ್ಳಿಯ ಮುಖವಾಡವಿದೆ. ಉಳಿದ ದಿನದವುಗಳಲ್ಲಿ ಅವಳ ಮುಖ ಇರಬೇಕಾದಲ್ಲಿ ನಿಮ್ಮ ತಲೆಯಿದೆ. ನಗುತ್ತಿದ್ದೀರಿ, ಎರಡು ಬೆರಳೆತ್ತಿ ತೋರಿಸುತ್ತಿದ್ದೀರಿ, ತುಟಿ ಮುಂದೆ ಮಾಡಿದ್ದೀರಿ. "ಹಲ್ಲ ಕಿಸದವರು ಸಾವಿರ ಮಂದಿ ಸಿಕ್ಕರು, ನಮ್ಮ ಹುಡುಗಿ ಮಾರಿ ಒಂದೂ ಸಿಗಲಿಲ್ಲಲ್ಲವಾ" ಎಂದರು ಕಾಳವ್ವ. ನನಗೆ ನಗು ಬಂತು, ಆಮೇಲೆ ಬಹಳ ಸಂಕಟವಾಯಿತು.

ಕಾಣದ್ದನ್ನು ತುಂಬಿಕೊಡುವ ಊಹೆಗಾರ ಎಂಬ ಯಂತ್ರ ನಮ್ಮಲ್ಲಿದೆ. ಅದು ಹಲವು ಮುಖ ಮಾಡಿಕೊಟ್ಟಿತು. ಕಾಳವ್ವ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಚಂದ ಅದಾವು. ಆದ್ರ ಇವು ಯಾರ ಮಕ್ಕಳೂ ಅಲ್ಲ" ಎಂದರು. ಅಂದಿನಿಂದ ಅವರು ಉಳಿ ಮುಟ್ಟಿಲ್ಲ. ದಿನಾ ಬೆಳಿಗ್ಗೆ ಬಂದು ಕಲ್ಲಿನ ಮುಂದೆ ಕೂರುತ್ತಾರೆ, "ಏನರೆ ಸಿಕ್ತೇನವಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುವುದು ನನ್ನ ಪಾಲಿನ ಕೆಲಸವಾಗಿದೆ.

ಅದಕ್ಕೇ ನನ್ನ ಒಂದೇ ಹಿಂದೋಲೆಯನ್ನು ನಿಮಗೆ ಬರೆಯುತ್ತಿದ್ದೇನೆ. ಪ್ರತಿಮೆಯನ್ನು ಉಳಿಸಿ ಎಂದು ಕೇಳುವುದಿಲ್ಲ. ಊರಿಗೆ ಊರೇ ನಂಬಿದ್ದನ್ನು ಒಬ್ಬರು ತಡೆಯುವುದು ಸುಲಭವಲ್ಲ. ಶ್ರಾವಣ ಬರುವ ಮೊದಲು ಹಬ್ಬವಿಲ್ಲದ ದಿನ ನೋಡಿ ಆ ಉದ್ಯಾನಕ್ಕೆ ಹೋಗಿ. ಒದ್ದೆ ಬಟ್ಟೆಯಿಂದ ಅವಳ ಹಣೆಯ ಕುಂಕುಮ, ಕೆನ್ನೆಯ ಅರಿಶಿನ ಒರೆಸಿ, ಒಂದು ಚಿತ್ರ ತೆಗೆಯಿರಿ. ತೆಗೆದಿದ್ದರೆ ಅದು ಈಗಾಗಲೇ ನಮ್ಮ ಕಣಜದಲ್ಲಿ ಇರಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆ ಲೆಕ್ಕ ನನಗೂ ಗೊತ್ತು. ಈ ಪತ್ರಕ್ಕೆ ಕೂರುವ ಮೊದಲು ಹುಡುಕಿದೆ, ಇರಲಿಲ್ಲ. ಕಳಿಸಿದ ಮೇಲೆ ಇನ್ನೊಮ್ಮೆ ಹುಡುಕುತ್ತೇನೆ. ನಾಳೆ ಕಾಳವ್ವ ಕೇಳಿದಾಗ ಒಂದು ಸಲವಾದರೂ ಹೂಂ ಎನ್ನಬೇಕೆಂಬ ಆಸೆ ನನಗೆ.

ನಿಮ್ಮನ್ನೆಲ್ಲ ನಾವು ಚೆನ್ನಾಗಿ ನೋಡಿದ್ದೇವೆ. ಅವಳ ಮುಂದೆ ನಿಂತಾಗ, ದಯವಿಟ್ಟು, ಒಂದು ಗಳಿಗೆ ಪಕ್ಕಕ್ಕೆ ಸರಿಯಿರಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಪೈಕಿ ಒಬ್ಬಳು,
ಸುಗಂಧಿ