ಜಾಚಿಂತೊ ಮಾವನ ಕೆಳದನಿ

ಧರ್ಮಪ್ರಾಂತದ ಪೂಜಾವಿಧಿ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಸಾಯಲು ಸಿದ್ಧರಾದ ಒಬ್ಬರು ನಿಮ್ಮ ಅಪ್ಪಣೆಗೆ ಕಾದಿದ್ದಾರೆ. ಸಾಯುವುದಕ್ಕಲ್ಲ, ಅದಕ್ಕಿನ್ನೂ ನಿಮ್ಮ ಮೊಹರು ಬೇಕಾಗಿಲ್ಲ. ಸತ್ತಮೇಲೆ ಪೆಟ್ಟಿಗೆಯ ಸುತ್ತ ನಮ್ಮೂರಿನವರು ಹಳೆಯ ಲ್ಯಾಟಿನ್ ಸಾವಿನ ಹಾಡು ಹಾಡುವುದಕ್ಕೆ. ಅದನ್ನು ನೀವು ನಿಲ್ಲಿಸಿದ್ದೀರಿ.

ಅವರು ನನ್ನ ಸೋದರಮಾವ ಜಾಚಿಂತೊ. ನಮ್ಮೂರು ರೊಕ್ಕಸೆರ್ರಾದಲ್ಲಿ ಯಾರೇ ಸತ್ತರೂ ಮಾವ, ನಾನು, ಇನ್ನಿಬ್ಬರು, ಹೀಗೆ ನಾವು ನಾಲ್ವರು ಪೆಟ್ಟಿಗೆಯ ಸುತ್ತ ಹೆಗಲಿಗೆ ಹೆಗಲು ತಾಗಿಸಿ ನಿಂತು ಹಾಡುತ್ತಿದ್ದೆವು. ಮಾವನದು ಕೆಳದನಿ. ಅದು ನೆಲ, ಉಳಿದ ಮೂವರು ಅದರ ಮೇಲೆ ನಡೆಯುವವರು. ಊರಿಗೆಲ್ಲ ಹಾಡಿದವನನ್ನು ಹಾಡಿಲ್ಲದೆ ಮಣ್ಣಿಗಿಡುವುದು ನಮ್ಮಲ್ಲಿಲ್ಲ.

ರೋಮಿನ ಜಗದ್ಗುರುಗಳಾದ ಪೋಪರ ಮೇಲೆ ನನಗೆ ದೂರಿಲ್ಲ. ಹಿಂದಿನ ಪೋಪರು ಕರೆದ ಧರ್ಮಾಧ್ಯಕ್ಷರ ಮಹಾಸಭೆಯನ್ನು ದಡ ಸೇರಿಸಿ, ಪೂಜೆ ಜನರ ಭಾಷೆಯಲ್ಲಿ ನಡೆಯಲಿ, ಜನರೂ ಬಾಯಿ ಬಿಡಲಿ ಎಂದವರು ಈಗಿನವರು. ಮೊದಲ ಸಲ ಇಟಾಲಿಯನ್ನಿನಲ್ಲಿ ಪೂಜೆ ಕೇಳಿದ ಪಾಲ್ಮೀರಾ ಅತ್ತೆ, "ಇಷ್ಟು ವರ್ಷ ದೇವರ ಹತ್ರ ಇದನ್ನೇ ಹೇಳ್ತಿದ್ರಾ? ಪರವಾಗಿಲ್ಲ, ಒಳ್ಳೇ ಮಾತೇ" ಎಂದು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆದರೆ ಬಾಯಿ ಬಿಡಿ ಎಂಬ ಮಾತನ್ನು ಹಿಡಿದು, ಊರಿನಲ್ಲಿ ಮೊದಲೇ ಬಿಟ್ಟಿದ್ದ ನಾಲ್ಕೇ ಬಾಯಿಗಳನ್ನು ಮುಚ್ಚಿಸಿದ ಜಾಣತನ ಯಾರದು? ಲ್ಯಾಟಿನ್ನನ್ನು ಹೂತುಬಿಡಿ ಎಂದು ಅವರು ಎಲ್ಲಿ ಹೇಳಿದ್ದಾರೆ? ಸುಧಾರಣೆ ಸರಿ ಸ್ವಾಮಿ, ಸುಧಾರಿಸಿಕೊಳ್ಳಲು ನಮಗೆ ಪುರುಸೊತ್ತು ಬೇಡವೇ?

ನೀವು ಕಳಿಸಿದ ಹೊಸ ಪಾದ್ರಿ ಒಳ್ಳೆಯವರು. ಪೂಜೆಯಲ್ಲಿ ಅವರು ನುಡಿಸುವ ಗಿಟಾರಿನ ಬಗ್ಗೆ ಹಾಗೆ ಹೇಳಲಾರೆ. ಮೊನ್ನೆ ಮಾವನ ಮಂಚದ ಬಳಿ ಕೂತು, "ಆ ಹಾಡಲ್ಲಿ ಬರೀ ಭಯ ಇದೆ ಜಾಚಿಂತೊ ಅವರೇ, ನಿಮಗೆ ಸಮಾಧಾನ ಬೇಡ್ವಾ?" ಎಂದರು.

"ಭಯ ಇದೆ ಅಂತಾನೇ ನಾಲ್ಕು ಜನ ನಿಂತ್ಕೋತೀವಿ ಫಾದರ್" ಎಂದರು ಮಾವ. "ಇಲ್ದಿದ್ರೆ ಒಬ್ನೇ ಸಾಕಾಗಿತ್ತು."

ಮಾವ ನನ್ನತ್ತ ತಿರುಗಿದರು. "ಒರೇಸ್ತೆ, ನನ್ನ ಕೆಳದನಿ ಯಾರೋ ಹಿಡಿಯೋದು?"

"ಯಾರೂ ಇಲ್ಲ ಮಾವ. ಕಲಿಯೋರೇ ಬರ್ಲಿಲ್ಲ."

"ಹಾಗಾದ್ರೆ ನನ್ನ ಜಾಗ ಬಿಟ್ಟು ನಿಂತ್ಕೊಳ್ಳಿ. ಅಲ್ಲಿ ಗಿಟಾರ್ ಮಾತ್ರ ತುರುಕಬೇಡಿ."

ನಮ್ಮ ಬೇಡಿಕೆ ಇಷ್ಟೇ: ಒಂದೇ ಸಲ, ಒಬ್ಬರಿಗೆ, ಮೂರು ದನಿಯಲ್ಲಿ ಹಾಡಲು ಬಿಡಿ. ಆಮೇಲೆ ನಿಮ್ಮ ನಿಷೇಧಕ್ಕೆ ಕೆಲಸವಿರುವುದಿಲ್ಲ. ನೆಲವಿಲ್ಲದ ಹಾಡನ್ನು ನಾವೇ ಇನ್ನೊಮ್ಮೆ ಹಾಡಲಾರೆವು. ಬೇಗ ಬರೆಯಿರಿ. ಮಾವ ಉಸಿರು ಹಿಡಿದುಕೊಂಡಿದ್ದಾರೆ. ಕೆಳದನಿಯವರಿಗೆ ಅದು ಅಭ್ಯಾಸ, ಆದರೆ ಎಷ್ಟು ಹೊತ್ತು?

ಇಂತಿ,
ಬಾಯಿ ಬಿಡಲು ಅಪ್ಪಣೆ ಕಾಯುತ್ತಿರುವ
ಮೇಲ್ದನಿಯ ಒರೇಸ್ತೆ, ರೊಕ್ಕಸೆರ್ರಾ