ಬಂಡೆ ಇಳಿಸಿದ ಜಾಗ

ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತಿಗೆಗೆ ಮೈದುನನ ನಮಸ್ಕಾರಗಳು.

ನಿಮ್ಮ ಮೂರು ಕಾಗದಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ತವರಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನನ್ನ ಅಡುಗೆಯನ್ನು ಬೆಕ್ಕೂ ಮೂಸುವುದಿಲ್ಲ.

ಮೀನಿಗಾಗಿ ಬಂಡೆ ಮಾಡುವ ಕೆಲಸ ನಡೆದಿದೆ. ಅಚ್ಚಿಗೆ ಎಣ್ಣೆ ಸವರಿ ಕಾಂಕ್ರೀಟು ಸುರಿಯುತ್ತೇವೆ, ಮೀನು ನುಸುಳಲು ತೂತು ಬಿಡುತ್ತೇವೆ, ಆಮೇಲೆ ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿ ಕಡಲ ತಳಕ್ಕೆ ಇಳಿಸುತ್ತೇವೆ. ಸಿಮೆಂಟಿನ ಖಾರ ಹೋಗದ ಬಂಡೆಗೆ ಹವಳ ಅಂಟುವುದಿಲ್ಲ. ಅಣ್ಣ ಶೆಡ್ಡಿಗೆ ಬಂದಾಗಲೆಲ್ಲ, "ಮೀನಿಗೆ ಮನೆ ಕಟ್ತಾನಂತೆ! ಮೊದಲು ನಮ್ಮ ಸೂರು ಸೋರೋದು ನೋಡೋ" ಎಂದು ರೇಗಿಸುತ್ತಿದ್ದ.

ಹೋದ ವಾರ ನಮ್ಮ ಡೈವರ್ ನೀರಿನಿಂದ ತಲೆ ಎತ್ತಿದವನೇ, "ಮೇಸ್ತ್ರಿ, ಹವಳ ಹಿಡ್ಕೊಂಡಿದೆ! ಉಗುರಿನಷ್ಟಗಲ ಇದೆ!" ಎಂದು ಕೂಗಿದ. ಎಳೆಬಲೆ ಉಜ್ಜಿ ಉಜ್ಜಿ ಬೋಳಾಗಿದ್ದ ತಳ ಅದು. ಎಲ್ಲರೂ ಕುಣಿದರು. ನಾನು ಕೈ ತೊಳೆಯುವ ನೆಪದಲ್ಲಿ ಶೆಡ್ಡಿನ ಹಿಂದೆ ಹೋಗಿ ಅತ್ತೆ.

ಅಣ್ಣನ ದೋಣಿ ಮಗುಚಿದ್ದು ಹೇಗೆಂದು ಮತ್ತೆ ಮತ್ತೆ ಕೇಳಿದ್ದೀರಿ. ತಳದಲ್ಲಿದ್ದ ಹಳೇ ಹಡಗಿಗೆ ಬಲೆ ಸಿಕ್ಕಿತು, ಹಗ್ಗ ಕತ್ತರಿಸುವಷ್ಟರಲ್ಲಿ ದೋಣಿ ವಾಲಿತು ಎಂದು ಅಂದು ಹೇಳಿದ್ದೆ. "ಮೈ ಸರಿಯಿಲ್ಲ ಅಂದವರನ್ನ ನಾನೇ ಕಳಿಸಿದೆ, ನಾನೇ ಕೊಂದೆ" ಎಂದು ಬರೆದಿದ್ದೀರಿ. ಹಾಗನ್ನಬೇಡಿ ಅತ್ತಿಗೆ, ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಅದನ್ನು ಓದಿದಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಪುಟ್ಟಿಯ ಹಲ್ಲು ಬಿದ್ದಿದೆಯಂತೆ. ಆ ಬೊಚ್ಚುಬಾಯಿ ಅಜ್ಜಿಗೆ ಚಿಕ್ಕಪ್ಪನ ಮುತ್ತು ಕೊಡಿ. ನೂರು ಕಾಲ ನಗುತ್ತ ಬಾಳಲಿ.

ನಿಮ್ಮ
ಮೈದುನ

ತಾ.ಕ.: ಅಲ್ಲಿ ಹಳೇ ಹಡಗು ಯಾವುದೂ ಇಲ್ಲ, ಅತ್ತಿಗೆ. ಬಲೆ ಸಿಕ್ಕಿದ್ದು ನಮ್ಮ ಬಂಡೆಗೆ. ಹಡಗಿನ ಕಥೆ ಕಟ್ಟಿದವನು ನಾನೇ. ತೇಲುವ ಗುರುತು ಕಟ್ಟಿ ಕಾವಲು ಹಾಕುವವರೆಗೆ ಬಂಡೆ ಇಳಿಸಿದ ಜಾಗ ಯಾರಿಗೂ ಹೇಳಬಾರದೆಂದು ನಮ್ಮಲ್ಲಿ ಕಟ್ಟಳೆ. ತಿಳಿದರೆ ಗಾಳದವರು ಮುತ್ತಿಕೊಂಡು ಮರಿಮೀನನ್ನೂ ಬಿಡುವುದಿಲ್ಲ. ದೋಣಿ ಮಗುಚಿದ ಹಿಂದಿನ ದಿನ ನೀವು ನೀರು ತರಲು ಹೋದಾಗ ಅಣ್ಣ ತಟ್ಟೆಯ ಮುಂದೆ ಕೂತು ಕೇಳಿದ: "ಎಲ್ಲಿ ಇಳಿಸಿದ್ರೋ? ನನಗಾದ್ರೂ ಹೇಳು, ಆ ಕಡೆ ಬಲೆ ಹಾಕಲ್ಲ." "ನಿನ್ನ ಬಾಯಲ್ಲಿ ಗುಟ್ಟು ನಿಲ್ಲುತ್ತಾ?" ಎಂದು ನಕ್ಕೆ. ಅವನೂ ನಕ್ಕು ಇನ್ನೊಂದು ತುತ್ತು ಕಲಸಿದ. ಗುರುತು ಕಟ್ಟಲು ಇನ್ನು ನಾಲ್ಕೇ ದಿನವಿತ್ತು. ಎದುರಿಗೆ ಬಂದು ಹೇಳುವ ಧೈರ್ಯ ನನಗಿಲ್ಲ. ಬೈದಾದರೂ ಸರಿ, ಒಂದು ಕಾಗದ ಹಾಕಿ.